ಮೈಕಾನ ಮೊಣಕಾಲಿಗೊಂದು ಅರ್ಚನೆ

ಓಲ್ಡ್ ಬ್ರಿಡ್ಜ್
ಫೆಬ್ರವರಿ 2

ದಿವಾಕರಾ,

ಫೋನಿನ್ಯಾಗ ನಿನ್ನ ಬ್ಲಾಕ್ ಮಾಡೀನಿ. ವಾಟ್ಸಾಪಿನ್ಯಾಗೂ ಮಾಡೀನಿ. ಮಾತಾಡಾಕ ಹೋದ್ರ ನೀ ಸ್ವಂತ ತಮ್ಮ ಅಲ್ಲದಿದ್ರೂ ‘ಅಕ್ಕಾ, ಅಕ್ಕಾ’ ಅಂತ ಬೆಣ್ಣಿ ಹಚ್ತಿ, ನಾ ಕರಗ್ತೀನಿ. ಇಷ್ಟು ವರ್ಷ ಅದ ಆಗೇತಿ. ಅದಕ್ಕ ಕಾಗದ ಬರ್ಯಾಕ ಕುಂತೀನಿ. ಧಾರವಾಡ ಬಿಟ್ಟ ಮ್ಯಾಲೆ ಕನ್ನಡದಾಗ ಇಷ್ಟುದ್ದ ಬರ್ಯಾಕತ್ತಿದ್ದು ಇದ ಮೊದಲು. ಅಕ್ಷರ ಸೊಟ್ಟ ಇದ್ರ ಇರಲಿ, ಮಾತು ನೆಟ್ಟಗ ಐತಿ.

ಶುಕ್ರವಾರ ಮಧ್ಯಾಹ್ನ ಕ್ಲಿನಿಕ್ಕಿನ್ಯಾಗ ನಮ್ಮ ಫ್ರಂಟ್ ಡೆಸ್ಕಿನ ಸನ್ನಿಧಿ ಫೋನ್ ತಂದು ನನ್ನ ಮುಂದ ಹಿಡದ್ಲು. ‘ಆಂಟಿ, ಈ ಅಂಕಲ್ ನಿಮ್ಮ ತಮ್ಮ ಅಂತಿದ್ರಲ್ಲ?’ ಅಂದ್ಲು. ನೋಡಿದ್ರ ನಿನ್ನ ಬ್ಲಾಗು. ಮುಂದಿನ ಸೀಸನ್ನಿನ ಹೈಸ್ಮನ್ ಟ್ರೋಫಿ ಯಾರಿಗೆ ಅಂತ ನಿನ್ನ ಭವಿಷ್ಯ. ಈ ಸೀಸನ್ ಮುಗದು ಎರಡು ವಾರ ಆಗಿಲ್ಲ, ಕಾಲೇಜ್ ಫುಟ್‌ಬಾಲಿನ್ಯಾಗ ಎಲ್ಲಾರಕಿಂತ ಛಲೋ ಆಟಗಾರ ಯಾರಾಗ್ತಾನ ಅಂತ ಮುಂದಿನ ಡಿಸೆಂಬರಿನ ಮಾತು ಈಗ ಹೇಳೋದು ನಿನಗ ಚಟ. ಆ ಚಟಾ ಬೆಳದದ್ದು ನಮ್ಮ ಮನಿ ಸೋಫಾದ ಮ್ಯಾಲೇನ. ಪ್ರತಿ ಸಂಕ್ರಾಂತಿಗೆ ಎಳ್ಳು-ಬೆಲ್ಲದ ತಟ್ಟಿ ಮುಂದ ಇಟ್ಕೊಂಡು ಒಬ್ಬೊಬ್ಬರು ಒಂದೊಂದು ಹೆಸರು ಹೇಳೋದು, ತಪ್ಪಿದವರು ಮುಂದಿನ ವರ್ಷ ಎಳ್ಳು ಹುರಿಯೋದು. ಹಂಗ ನಕ್ಕೋತ ಇದ್ದಿದ್ರ ನಾ ಯಾಕ ಈ ಕಾಗದ ಬರೀತಿದ್ದೆ?

ಹತ್ತು ಹೆಸರು ಬರದು, ಕೆಳಗ ಬ್ಯಾರೆ ಬಣ್ಣದಾಗ ನೀ ಏನ್ ಬರದಿ, ನೆನಪೈತೇನು? ‘ಮೈಕಾ ಟಾಲಿವರ್ ಮೇಲೆ ಯಾರೂ ಆಸೆ ಇಟ್ಟುಕೊಳ್ಳಬೇಡಿ. ಅವನ ಮೊಣಕಾಲು ಇನ್ನೂ ಊದಿದೆ, ಎರಡನೇ ಆಪರೇಷನ್ ಬೇಕಾಗಬಹುದು. ಅವನಿಗೆ ನ್ಯೂಜರ್ಸಿಯಲ್ಲಿ ಟ್ರೀಟ್‌ಮೆಂಟ್ ಕೊಡುತ್ತಿರುವ ಮೂಲದಿಂದ ತಿಳಿದದ್ದು.’ ನೀ ಇಂಗ್ಲಿಷಿನ್ಯಾಗ ಬರದಿ, ನಾ ಕನ್ನಡದಾಗ ಬರದೀನಿ. ಕನ್ನಡದಾಗ ಓದಿದ್ರರ ನಿನಗ ನಾಚಿಕಿ ಬರ್ತೈತೇನೋ ಅಂತ.

ನಾ ಯಾವಾಗಪಾ ನಿನಗ ‘ಮೂಲ’ ಆದೆ? ಮೈಕಾ ನನ್ನ ಪೇಶಂಟ್ ಅಂತ ನಮ್ಮ ಯಜಮಾನ್ರು ಅಮರೇಶ್ವರಗೂ ನಾ ಹೇಳಿರಲಿಲ್ಲ. ಇಪ್ಪತ್ತು ವರ್ಷ ಫಿಸಿಯೋಥೆರಪಿ ಮಾಡೀನಿ, ಯಾರ ಸೊಂಟ, ಯಾರ ಭುಜ ಅಂತ ಒಬ್ಬರ ಮುಂದ ಬಾಯಿ ಬಿಟ್ಟಾಕಿ ಅಲ್ಲ. ಬಾಯಿ ಬಿಟ್ಟದ್ದು ಒಂದ ಸಲ, ದೇವರ ಮುಂದ. ಸಂಕ್ರಾಂತಿ ದಿನ ಗುಡ್ಯಾಗ ಅರ್ಚನಿ ಮಾಡಸಾಕತ್ತಿದ್ದೆ. ಭಟ್ಟರು ಹೆಸರು ಕೇಳಿದ್ರು, ಗೋತ್ರ ಕೇಳಿದ್ರು, ಏನು ಸಂಕಲ್ಪ ಅಂತ ಕೇಳಿದ್ರು. ಗಂಟಿ ಸಪ್ಪಳದಾಗ ಅವರಿಗೆ ಕೇಳಸ್ಲಿ ಅಂತ ಜೋರಾಗೇ ಹೇಳಿದೆ. ‘ಮೈಕಾ ಟಾಲಿವರ್, ಶಿವಗೋತ್ರ ಅನ್ರಿ. ಹುಡುಗನ ಮೊಣಕಾಲಿನ ಬಾವು ಇಳೀವಲ್ದು, ಮತ್ತೊಮ್ಮೆ ಕೊಯ್ಯೋದು ಬರಬಾರದು, ಐವತ್ತು ವರ್ಷದವ ಆದ ಮ್ಯಾಲೂ ನೋವಿಲ್ಲದ ಮೆಟ್ಟಲಾ ಹತ್ತಬೇಕು ಅಂತ ಬೇಡ್ಕೋರಿ’ ಅಂದೆ. ನೀ ನನ್ನ ಪಕ್ಕದಾಗ ಕೈ ಮುಗ್ಕೊಂಡು ನಿಂತಿದ್ದಿ. ‘ಖಂಡಿತ ಗುಣ ಆಗತ್ತೆ ಅಕ್ಕ’ ಅಂದಿ. ಆರತಿ ತಗೊಂಡಿ. ಪ್ರಸಾದ ತಿಂದಿ. ಮನಿಗೆ ಹೋಗಿ ಬರ್ಕೊಂಡಿ.

ಅದನ್ನ ತಗದುಹಾಕು. ನನಗ ಯಾರೂ ಹೇಳಿಲ್ಲ, ಗುಡ್ಯಾಗ ಒಬ್ಬರು ಬೇಡ್ಕೊಳ್ಳೋದನ್ನ ಕೇಳಿಸ್ಕೊಂಡೆ ಅಂತ ಖರೆ ಬರಿ. ಅಷ್ಟ.

ನಿನ್ನ
ಬಸಕ್ಕ


ಜರ್ಸಿ ಸಿಟಿ
ಫೆಬ್ರವರಿ 11

ಪ್ರೀತಿಯ ಬಸಕ್ಕನಿಗೆ,

ನಮಸ್ಕಾರಗಳು. ನಿಮ್ಮ ಕಾಗದ ಓದಿ ಎರಡು ದಿನ ಆಫೀಸಿನಲ್ಲಿ ಕೆಲಸ ಮಾಡಲಾಗಲಿಲ್ಲ. ನೀವು ಅಷ್ಟು ಬೇಜಾರು ಮಾಡಿಕೊಂಡಿದ್ದೀರಿ ಅಂತ ನನಗೆ ಗೊತ್ತೇ ಇರಲಿಲ್ಲ, ನಿಜವಾಗ್ಲೂ.

ಆದರೆ ಅಕ್ಕ, ಒಂದು ನಿಮಿಷ ಶಾಂತವಾಗಿ ಯೋಚನೆ ಮಾಡಿ. ನಿಮ್ಮ ಹೆಸರು ಎಲ್ಲೂ ಹಾಕಿಲ್ಲ. ಕ್ಲಿನಿಕ್ಕಿನ ಹೆಸರೂ ಹಾಕಿಲ್ಲ. ಅವನು ಅಕ್ಟೋಬರ್‌ನಲ್ಲಿ ಮೈದಾನದಲ್ಲೇ ಬಿದ್ದಿದ್ದನ್ನ ಟೀವಿಯಲ್ಲಿ ದೇಶವೇ ನೋಡಿದೆ. ಇವತ್ತಲ್ಲ ನಾಳೆ ಯಾರಾದರೂ ಬರೆಯುತ್ತಿದ್ದರು. ಇದು ದೊಡ್ಡ ಗುಟ್ಟೇನಲ್ಲ.

ನನಗೂ ಸ್ವಲ್ಪ ಹೇಳಬೇಕು. ಎಷ್ಟು ವರ್ಷ ನಾನು ಈ ಭವಿಷ್ಯಗಳನ್ನ ಬರೆದೆ? ಓದೋರು ನೀವು, ಭಾವ, ಹೆಂಡತಿ ಅನ್ನೋ ಕಾರಣಕ್ಕೆ ಹಂಸಿನಿ, ಮತ್ತೆ ನಮ್ಮ ಆಫೀಸಿನ ಇಬ್ಬರು. ದಿನಾ ಬೆಳಿಗ್ಗೆ ಪಾಥ್ ಟ್ರೇನಿನಲ್ಲಿ ನಿಂತುಕೊಂಡು ಕಮ್ಯೂಟ್ ಮಾಡುತ್ತಾ ಬ್ಯಾಂಕಿನವರ ಡೇಟಾ ಸರಿ ಮಾಡೋದೇ ನನ್ನ ಬದುಕು ಅಂತ ಅಂದುಕೊಂಡುಬಿಟ್ಟಿದ್ದೆ. ಈ ಸಲ ಸಾವಿರಾರು ಜನ ಓದಿದರು. ಒಂದು ದೊಡ್ಡ ಸ್ಪೋರ್ಟ್ಸ್ ವೆಬ್‌ಸೈಟಿನವರು ಫೋನ್ ಮಾಡಿ ಕಾಲಂ ಬರೆಯುತ್ತೀರಾ ಅಂತ ಕೇಳಿದ್ದಾರೆ. ಅವರಿಗೆ ಇಷ್ಟವಾಗಿದ್ದು ಆ ಒಂದು ಪ್ಯಾರಾನೇ. ಈಗ ಅದನ್ನ ತೆಗೆದರೆ, ಗುಡಿಯಲ್ಲಿ ಕೇಳಿಸಿಕೊಂಡೆ ಅಂತ ಬರೆದರೆ, ನನ್ನನ್ನ ಯಾರು ನಂಬುತ್ತಾರೆ?

ನಿಮಗೆ ಏನೂ ಆಗಲ್ಲ ಅಕ್ಕ. ಸುಮ್ಮನೆ ಗಾಬರಿ ಆಗಬೇಡಿ. ಮಗ ಅದ್ವೈತ್ ‘ಆಂಟಿ ಮನೆಗೆ ಯಾವಾಗ’ ಅಂತ ಕೇಳುತ್ತಿದ್ದಾನೆ.

ನಿಮ್ಮ ತಮ್ಮ
ದಿವಾಕರ


ಓಲ್ಡ್ ಬ್ರಿಡ್ಜ್
ಮಾರ್ಚ್ 4

ದಿವಾಕರಾ,

‘ನಿಮಗೆ ಏನೂ ಆಗಲ್ಲ’ ಅಂತ ಬರದಿದ್ದಿ. ಆಗೇತಿ. ಕೇಳು.

ಮೈಕಾ ಈಗಿನ ಕಾಲೇಜು ಬಿಟ್ಟು ದೊಡ್ಡ ಟೀಮಿನ ಒಂದು ಕಾಲೇಜಿಗೆ ಹೋಗಾವ ಇದ್ದ. ಅಲ್ಲಿ ಕೋಚು ವಾರಕ್ಕೊಮ್ಮೆ ಫೋನ್ ಮಾಡ್ತಿದ್ದ. ನಿನ್ನ ಲಿಸ್ಟ್ ಬಂತು, ಫೋನ್ ಬರೋದು ನಿಂತಿತು. ‘ಹೊಸಾ ಕಾಲೇಜಿನವರು ಹೆಂಗೂ ಸ್ಕ್ಯಾನ್ ಮಾಡಸ್ತಿದ್ರು’ ಅಂತ ನೀ ಅಂತಿ, ನನಗ ಗೊತ್ತೈತಿ. ಮಾಡಸ್ತಿದ್ರು. ಅಷ್ಟರಾಗ ಹುಡುಗ ತಾನ ಅವರ ಮುಂದ ಕುಂತು, ‘ನನ್ನ ಕಾಲು ಹಿಂಗೈತಿ, ಬ್ಯಾಸಗಿತನಕ ಟೈಮ್ ಕೊಡ್ರಿ’ ಅಂತ ಹೇಳಾವ ಇದ್ದ. ಹೇಳೋದನ್ನ ನನ್ನ ಮುಂದ ಪ್ರ್ಯಾಕ್ಟೀಸ್ ಮಾಡಿದ್ದ. ಅದು ಅವನ ಮಾತಾಗಿತ್ತು. ನೀ ಕಸ್ಕೊಂಡಿ.

ಹೋದ ವಾರ ಅವನೂ ಅವನ ತಾಯಿ ಡೆನೀಸೂ ಕ್ಲಿನಿಕ್ಕಿಗೆ ಬಂದಿದ್ರು. ಆಕಿ ಒದರ್ಯಾಡಿದ್ರ ಛಲೋ ಇತ್ತು. ಒದರಲಿಲ್ಲ. ಕುರ್ಚಿ ಮ್ಯಾಲೆ ಪರ್ಸ್ ಹಿಡ್ಕೊಂಡು ಕುಂತಿದ್ಲು. ಹುಡುಗ ಮಾತ್ರ ನನ್ನ ಕಡೆ ನೋಡಿ, ‘ಮಿಸ್ ಬಸಾ, ಯು ಸೆಡ್ ಮೈ ನೀ ವಾಸ್ ಬಿಟ್ವೀನ್ ಯು ಆ್ಯಂಡ್ ಮಿ’ ಅಂದ. ನನ್ನ ಮೊಣಕಾಲಿನ ಮಾತು ನಮ್ಮಿಬ್ಬರ ನಡುವ ಅಷ್ಟ ಅಂದಿದ್ರೆಲ್ಲ ಅಂತ. ಏನಂತ ಹೇಳಲಿ? ನಿನ್ನ ಸಲುವಾಗಿ ದೇವರನ್ನ ಬೇಡ್ಕೊಂಡೆ, ಅದನ್ನ ನನ್ನ ತಮ್ಮ ಕದ್ದ ಅಂತ ಹೇಳಲೇನು?

ಈಗ ವಿಚಾರಣಿ ನಡದೈತಿ. ಮ್ಯಾನೇಜರ್ ಮತ್ತ ಇನ್ನಿಬ್ಬರ ಮುಂದ ಗುಡಿ ಕಥಿ ಪೂರಾ ಹೇಳಿದೆ. ಗುಡ್ಯಾಗ ಜೋರಾಗಿ ಹೇಳಿದ್ದು ನನ್ನ ತಪ್ಪು, ಅದಕ್ಕ ಏನ್ ಶಿಕ್ಷಾ ಕೊಟ್ರೂ ತಗೋತೀನಿ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಪ್ರಾರ್ಥನಿ ಯಾರರ ಪೇಶಂಟಿನ ಹೆಸರು, ಕಾಯಿಲಿ ಎಲ್ಲಾ ಹೇಳಿ ಮಾಡ್ತಾರೇನು ಅಂತ ಕೇಳಿದ್ರು. ನಮ್ಮಲ್ಲಿ ಹಂಗ ಮಾಡ್ತಾರ್ರೀ ಅಂದೆ. ಅದನ್ನ ಕೇಳಿದವರು ಯಾರು ಅಂದ್ರು. ಭಟ್ಟರು ದಿನಾ ನೂರು ಮಂದಿ ಹೆಸರು ಹೇಳ್ತಾರ, ಅವರಿಗೆ ಎಲ್ಲಿ ನೆನಪಿರ್ತೈತಿ? ಉಳದಾವ ನೀ ಒಬ್ಬ.

ನಾ ಸುದ್ದಿ ಬರಿಯೋ ಮನಷ್ಯಾಗ ಬೇಕಂತ ಹೇಳೀನಿ ಅಂತಾದ್ರ ಕೆಲಸ ಹೋಗ್ತೈತಿ, ಲೈಸೆನ್ಸಿಗೂ ಕುತ್ತು ಬರ್ತೈತಿ. ಬೇಡ್ಕೊಳ್ಳೋವಾಗ ಯಾರೋ ಕೇಳಿಸ್ಕೊಂಡ್ರು ಅಂತಾದ್ರ ಒಂದು ವಾರ್ನಿಂಗಿನ್ಯಾಗ ಮುಗೀತೈತಿ. ನಾಲ್ಕ ಸಾಲು ಬರದು ಕಳಸು. ನಿನ್ನ ಬ್ಲಾಗಿನ್ಯಾಗ ಹಾಕಬ್ಯಾಡ ಹೋಗ್ಲಿ, ಕ್ಲಿನಿಕ್ಕಿಗೆ ಅಷ್ಟ ಕಳಸು. ವಿಳಾಸ ಕೆಳಗ ಬರದೀನಿ. ಮಾರ್ಚ್ ಮುಗಿಯೋದ್ರೊಳಗ ಮುಟ್ಟಬೇಕು.

ನಾ ನಿನಗ ಇಷ್ಟು ವರ್ಷದಾಗ ಏನೂ ಕೇಳಿಲ್ಲ. ಕೇಳಾಕತ್ತೀನಿ ಈಗ.

ಬಸಕ್ಕ


ಜರ್ಸಿ ಸಿಟಿ
ಮಾರ್ಚ್ 26

ಪ್ರೀತಿಯ ಬಸಕ್ಕನಿಗೆ,

ಯುಗಾದಿ ಹಬ್ಬದ ಶುಭಾಶಯಗಳು, ನಿಮಗೂ ಭಾವನಿಗೂ.

ನಿಮ್ಮ ಕಾಗದ ಬಂದ ದಿನವೇ ಬರೆಯಲು ಕೂತೆ. ನಾಲ್ಕು ಸಾಲಲ್ಲ, ಒಂದು ಪುಟ ಬರೆದೆ. ಕಳಿಸುವ ಮೊದಲು ವೆಬ್‌ಸೈಟಿನವರಿಗೆ ಒಂದು ಮಾತು ಕೇಳೋಣ ಅಂತ ಕೇಳಿದೆ. ಕಾಂಟ್ರ್ಯಾಕ್ಟಿಗೆ ಹೋದ ತಿಂಗಳೇ ಸಹಿ ಹಾಕಿದ್ದೀನಿ. ಅವರ ಲಾಯರ್, ಸುದ್ದಿಯ ಮೂಲದ ಬಗ್ಗೆ ಯಾರಿಗೂ ಏನೂ ಬರೆದುಕೊಡಬೇಡಿ, ಹೌದು ಅಂತಲೂ ಬೇಡ, ಅಲ್ಲ ಅಂತಲೂ ಬೇಡ ಅಂದುಬಿಟ್ಟರು. ನನ್ನ ಕೈ ಕಟ್ಟಿಹಾಕಿದ ಹಾಗಾಗಿದೆ. ಸ್ವಲ್ಪ ದಿನ ಹೋಗಲಿ, ಸೀಸನ್ ಶುರುವಾಗಲಿ, ಎಲ್ಲರೂ ಮರೆತಮೇಲೆ ನಾನೇ ಬಂದು ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡುತ್ತೀನಿ. ಪ್ರಾಮಿಸ್.

ಜ್ಯಾಕ್ಸನ್ ಹೈಟ್ಸ್‌ಗೆ ಹೋಗಿದ್ದೆ. ನಿಮಗೆ ಇಷ್ಟ ಅಂತ 74ನೇ ಬೀದಿಯ ಅಂಗಡಿಯಿಂದ ಮೈಸೂರು ಪಾಕ್ ತಂದೆ. ಇದರ ಜೊತೆ ಕಳಿಸಿದ್ದೀನಿ. ಬೇಡ ಅನ್ನಬೇಡಿ.

ನಿಮ್ಮ ತಮ್ಮ
ದಿವಾಕರ


ಓಲ್ಡ್ ಬ್ರಿಡ್ಜ್
ಏಪ್ರಿಲ್ 19

ದಿವಾಕರ ಅವರಿಗೆ,

ಡಬ್ಬಿ ವಾಪಸ್ ಕಳಿಸೀನಿ. ತಗದಿಲ್ಲ.

ನಿನ್ನೆ ನನ್ನ ಕೆಲಸದಿಂದ ತಗದ್ರು. ಲೈಸೆನ್ಸಿನ ವಿಚಾರ ಬೋರ್ಡಿನ ಮುಂದ ಐತಿ. ಸನ್ನಿಧಿ ಅತ್ಕೋತ ನನ್ನ ಕಪ್ಪು, ಶಾಲು ಎಲ್ಲಾ ಚೀಲದಾಗ ತುಂಬಿ ಕೊಟ್ಲು.

ನೀ ಬರದ ಆ ಒಂದು ಪುಟ ಎಲ್ಲೈತೋ ಯಪ್ಪಾ? ಬರದದ್ದು ಖರೇನ ಆಗಿದ್ರ, ಅದನ್ನ ಲಾಯರಿಗೆ ತೋರಸಾಕ ನಿನಗ ಪುರಸೊತ್ತಿತ್ತು, ನನಗ ಕಳಸಾಕ ಇರಲಿಲ್ಲ.

ಬಸಲಿಂಗಮ್ಮ


ಜರ್ಸಿ ಸಿಟಿ
ಸೆಪ್ಟೆಂಬರ್ 28

ಬಸಕ್ಕನಿಗೆ ನಮಸ್ಕಾರಗಳು.

ಐದು ತಿಂಗಳಾಯಿತು. ಎಷ್ಟೋ ಸಲ ಬರೆಯಲು ಕೂತು ಎದ್ದೆ. ಬೋರ್ಡಿನವರು ನಿಮ್ಮ ಲೈಸೆನ್ಸ್ ಉಳಿಸಿದರು ಅಂತ ಹಂಸಿನಿ ಹೇಳಿದಳು. ಕೇಳಿ ನಿಜವಾಗ್ಲೂ ಸಮಾಧಾನ ಆಯಿತು. ಈಗ ವಯಸ್ಸಾದವರ ಮನೆಮನೆಗೆ ಡ್ರೈವ್ ಮಾಡಿಕೊಂಡು ಹೋಗಿ ಎಕ್ಸರ್‌ಸೈಜ್ ಮಾಡಿಸುತ್ತೀರಂತೆ. ಈ ವಯಸ್ಸಿನಲ್ಲಿ ನಿಮಗೆ ಆ ಓಡಾಟ ಕಷ್ಟ ಅಂತ ನನಗೆ ಗೊತ್ತು. ಹಂಸಿನಿ ನಿಮ್ಮನ್ನ ನೋಡಲು ಬಂದುಹೋಗುವುದೂ ಗೊತ್ತು. ಮನೆಗೆ ಬಂದಮೇಲೆ ನನ್ನ ಜೊತೆ ಮಾತಾಡುವುದಿಲ್ಲ.

ನಾನು ದುಡುಕಿದೆ. ಅದನ್ನ ಒಪ್ಪುತ್ತೀನಿ. ಆದರೆ ಅಕ್ಕ, ನೀವು ಇಷ್ಟು ಕಲ್ಲಾಗಬಾರದು. ನಾನು ಸುಳ್ಳೇನೂ ಬರೆಯಲಿಲ್ಲವಲ್ಲ? ಮೈಕಾ ಹಳೇ ಕಾಲೇಜಿನಲ್ಲೇ ಉಳಿದು, ಆಟಕ್ಕಿಳಿಯದೆ ಬೆಂಚಿನ ಮೇಲೆ ಕೂತಿದ್ದಾನೆ. ಜನವರಿಯಲ್ಲಿ ಇದನ್ನ ಹೇಳಿದವನು ನಾನೊಬ್ಬನೇ ಅಂತ ಹೋದ ವಾರ ಎರಡು ಪಾಡ್‌ಕಾಸ್ಟಿನಲ್ಲಿ ಹೇಳಿದರು. ಇದನ್ನ ಹೆಮ್ಮೆಯಿಂದ ಹೇಳುತ್ತಿಲ್ಲ. ನಡೆದಿದ್ದು ಹೇಳಿದೆ, ಅಷ್ಟೇ.

ನನ್ನ ಮೊದಲನೇ ಚಳಿಗಾಲ ನೆನಪಿದೆಯಾ? ಟರ್ನ್‌ಪೈಕ್ ಹೆದ್ದಾರಿಯಲ್ಲಿ ಐಸ್ ಮೇಲೆ ಕಾರು ಜಾರಿ, ನಾನು ಕೈ ಮುರಿದುಕೊಂಡು ನಿಮ್ಮ ಬೇಸ್‌ಮೆಂಟಿನಲ್ಲಿ ಎರಡು ತಿಂಗಳಿದ್ದೆ. ನೀವು ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಕೊಟ್ಟಿದ್ದಿರಿ. ಪ್ರತಿ ಸೋಮವಾರದ ಅರ್ಚನೆಗೆ ನನ್ನ ಹೆಸರು ಸೇರಿಸಿದ್ದಿರಿ. ಅಷ್ಟು ಮಾಡಿದವರು ಒಂದು ತಪ್ಪಿಗೆ ಬಾಗಿಲು ಹಾಕಿಬಿಡುತ್ತೀರಾ?

ಉತ್ತರ ಬರೆಯಿರಿ.

ದಿವಾಕರ


ಜರ್ಸಿ ಸಿಟಿ
ಡಿಸೆಂಬರ್ 21

ಪ್ರೀತಿಯ ಬಸಕ್ಕನಿಗೆ,

ನೀವು ಉತ್ತರ ಬರೆಯಲಿಲ್ಲ. ಪರವಾಗಿಲ್ಲ. ಈ ಸಲ ಒಳ್ಳೆಯ ಸುದ್ದಿ ಇಟ್ಟುಕೊಂಡು ಬರೆಯುತ್ತಿದ್ದೀನಿ.

ಹೋದ ಶನಿವಾರ ಮ್ಯಾನ್‌ಹಟನ್‌ನಲ್ಲಿ ಹೈಸ್ಮನ್ ಕೊಡುವ ಸಮಾರಂಭಕ್ಕೆ ಪ್ರೆಸ್ ಪಾಸಿನಲ್ಲಿ ಹೋಗಿದ್ದೆ. ನಿಮ್ಮ ಸೋಫಾದ ಮೇಲೆ ಕೂತು ಟೀವಿಯಲ್ಲಿ ನೋಡುತ್ತಿದ್ದ ಅದೇ ವೇದಿಕೆ. ಅಮ್ಮಂದಿರು, ಅಜ್ಜಿಯರು ಎಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಏನೋ ಖುಷಿಯೇ ಆಗಲಿಲ್ಲ ಅಕ್ಕ. ನಿಮ್ಮದೇ ನೆನಪು.

ಆಗಲೇ ತೀರ್ಮಾನ ಮಾಡಿದೆ. ಜನವರಿಯಲ್ಲಿ ಮುಂದಿನ ಸೀಸನ್ನಿನ ಭವಿಷ್ಯ ಬರೆಯಬೇಕು. ಮೈಕಾನನ್ನ ಮೊದಲನೇ ಹೆಸರಾಗಿ ಹಾಕುತ್ತೀನಿ. ನವೆಂಬರ್‌ನಲ್ಲಿ ಅವನು ಬೆಂಚು ಬಿಟ್ಟು ಎದ್ದು ಬಂದು ಆಡಿದ ಕಡೆಯ ಮೂರು ಆಟ ನೋಡಿದ್ದೀರಾ? ಹಳೇ ಮೈಕಾನೇ! ಬೇರೆ ಯಾರ ಲಿಸ್ಟಿನಲ್ಲೂ ಅವನಿಲ್ಲ. ನಾನು ಹಾಕಿದರೆ ದೊಡ್ಡ ಕಾಲೇಜುಗಳೆಲ್ಲ ಮತ್ತೆ ಫೋನ್ ಮಾಡುತ್ತವೆ. ನನ್ನಿಂದ ಹೋಗಿದ್ದು ನನ್ನಿಂದಲೇ ಅವನಿಗೆ ವಾಪಸ್ ಬರಲಿ. ನಿಮ್ಮ ಮನಸ್ಸೂ ತಿಳಿಯಾಗಲಿ.

ಅವನು ಈಗ ರಜಕ್ಕೆ ಮನೆಗೆ ಬಂದಿದ್ದಾನೆ, ನಿಮ್ಮ ಹತ್ತಿರ ಬರುತ್ತಾನೆ ಅಂತ ಹಂಸಿನಿ ಬಾಯಿ ತಪ್ಪಿ ಹೇಳಿದಳು. ಅದಕ್ಕೇ ಒಂದೇ ಒಂದು ಮಾತು ಕೇಳುತ್ತೀನಿ, ನಮ್ಮಿಬ್ಬರ ಮಧ್ಯೆ. ಮೊಣಕಾಲು ಈಗ ನಿಜವಾಗಿ ಹೇಗಿದೆ? ಪೂರ್ತಿ ಗುಣವಾಗಿದೆ ಅಂತ ನೀವು ಒಂದು ಸಾಲು ಬರೆದರೆ ಸಾಕು, ಧೈರ್ಯವಾಗಿ ಮೊದಲನೇ ಹೆಸರು ಹಾಕಿಬಿಡುತ್ತೀನಿ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ.

ಸಂಕ್ರಾಂತಿಗೆ ಬರಲಾ? ಎಳ್ಳು ನಾನೇ ಹುರಿದು ತರುತ್ತೀನಿ.

ನಿಮ್ಮ ತಮ್ಮ
ದಿವಾಕರ


ಓಲ್ಡ್ ಬ್ರಿಡ್ಜ್
ಜನವರಿ 15

ದಿವಾಕರ,

ನಿನ್ನ ಕಾಗದ ಓದಿ ನಗು ಬಂತು. ಖರೇನ, ಜೋರಾಗಿ ನಕ್ಕೆ. ನಮ್ಮ ಯಜಮಾನ್ರು ಗಾಬರಿ ಆಗಿ ಅಡಗಿಮನಿತನಕ ಬಂದ್ರು. ಓದಾಕ ಕೊಟ್ಟೆ. ಅವರು ಓದಿ, ಕನ್ನಡಕ ತಗದು ಟೇಬಲ್ ಮ್ಯಾಲೆ ಇಟ್ಟು, ‘ಇವಂಗ ಇನ್ನೂ ತಿಳಿದಿಲ್ಲಲ್ಲ’ ಅಂದ್ರು. ಆಮ್ಯಾಲೆ ನನಗ ಅಳು ಬಂತು.

ಮೈಕಾ ಬರ್ತಾನ. ಮುಚ್ಚಿಡೋದು ಏನೈತಿ? ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುವಾರ ತಾನ ಬಾಗಿಲಿಗೆ ಬಂದು ನಿಂತ. ನಾ ಒಳಗ ಕರದು ಎಲ್ಲಾ ಹೇಳಿದೆ. ಗುಡಿ, ಭಟ್ಟರು, ಗಂಟಿ, ನೀ. ‘ದೇವರ ಮುಂದ ನಿನ್ನ ಹೆಸರು ಜೋರಾಗಿ ಹೇಳಿಬಿಟ್ಟೆ, ಅದು ನನ್ನ ತಪ್ಪು’ ಅಂದೆ. ಅವ ತನ್ನ ಮೊಣಕಾಲಿನ ಮ್ಯಾಲೆ ಕೈ ಇಟ್ಕೊಂಡ. ಆಮ್ಯಾಲೆ ‘ವಾಟ್ ಡಿಡ್ ಯು ಆಸ್ಕ್ ಫಾರ್?’ ಅಂದ. ಐವತ್ತು ವರ್ಷದವ ಆದ ಮ್ಯಾಲೂ ನೋವಿಲ್ಲದ ಮೆಟ್ಟಲಾ ಹತ್ತಬೇಕು ಅಂತ ಬೇಡ್ಕೊಂಡೆ ಅಂದೆ. ‘ನಾಟ್ ದ ಹೈಸ್ಮನ್?’ ಅಂತ ನಕ್ಕ. ಇಲ್ಲಪಾ, ಅದು ನನಗ ಹೊಳೀಲೇ ಇಲ್ಲ ಅಂದೆ. ಹುಡುಗ ಎದ್ದು ಬಂದು ನನ್ನ ಅಪ್ಪಿಕೊಂಡ. ಅಷ್ಟು ದೊಡ್ಡ ದೇಹ, ಸಣ್ಣ ಕೂಸಿನಂಗ ಅತ್ತ. ಆವತ್ತು ನೀ ಪಕ್ಕದಾಗ ನಿಂತು ಅರ್ಧಾ ಪ್ರಾರ್ಥನಿ ಅಷ್ಟ ಕೇಳಿಸ್ಕೊಂಡಿ. ಮೆಟ್ಟಲದ ಮಾತು ನಿನ್ನ ಲಿಸ್ಟಿಗೆ ಬೇಕಾಗಿರಲಿಲ್ಲ, ಬಿಟ್ಟುಬಿಟ್ಟಿ.

ಅವನ ಮೊಣಕಾಲು ಹೆಂಗೈತಿ ಅಂತ ಕೇಳಿದಿ. ನನ್ನ ಕೆಲಸ ಹೋತು, ಕ್ಲಿನಿಕ್ಕಿನ್ಯಾಗ ಇಪ್ಪತ್ತು ವರ್ಷ ಗಳಿಸಿದ ಹೆಸರು ಹೋತು. ಅದನ್ನೆಲ್ಲಾ ನೋಡಿದ ಮ್ಯಾಲೂ ಮತ್ತ ಬಂದು, ‘ನಮ್ಮಿಬ್ಬರ ಮಧ್ಯೆ’ ಅಂತ ಅದ ಕೇಳಾಕತ್ತಿಯಲ್ಲೋ! ಕ್ಷಮಾ ಕೇಳಾಕ ಬಂದಾವ ಹೋಗೋವಾಗ ಇನ್ನೊಂದು ಸುದ್ದಿ ಒಯ್ಯಬೇಕು ಅಂತ ನೋಡ್ತಿ. ನೀ ಕೆಟ್ಟಾವ ಅಂತ ನನಗ ಈಗೂ ಅನಸೂದಿಲ್ಲ. ಕೆಟ್ಟಾವ ಆಗಿದ್ರ ಇಷ್ಟು ಸಂಕಟ ಆಗ್ತಿರಲಿಲ್ಲ. ನೀ ಮೊದಲನೇ ಹೆಸರು ಹಾಕು, ಕಡೀ ಹೆಸರು ಹಾಕು, ನನ್ನ ಕಡೆಯಿಂದ ಒಂದು ಸಾಲೂ ಬರೂದಿಲ್ಲ.

ನಿನ್ನೆ ಸಂಕ್ರಾಂತಿಗೆ ಗುಡಿಗೆ ಹೋಗಿದ್ದೆ. ಭಟ್ಟರು ಸಂಕಲ್ಪ ಏನು ಅಂತ ಕೇಳಿದ್ರು. ಬಾಯಿ ತಗದೆ. ಪಕ್ಕದಾಗ ಯಾರೋ ಇಬ್ಬರು ಕೈ ಮುಗ್ಕೊಂಡು ನಿಂತಿದ್ರು, ಯಾರೋ ಏನೋ, ಪಾಪ. ತಗದ ಬಾಯಿ ಮುಚ್ಕೊಂಡೆ. ‘ಮನಸಿನ್ಯಾಗ ಹೇಳ್ಕೋತೀನ್ರಿ’ ಅಂದೆ. ನಮ್ಮವ್ವ ಕಲಿಸಿದ್ದು, ದೇವರ ಮುಂದ ಬಾಯಿಬಿಟ್ಟು ಕೇಳಬೇಕು ಅಂತ. ಅದನ್ನೂ ನೀ ಕಸ್ಕೊಂಡಿ ನೋಡು. ಕೆಲಸ ಹೋದದ್ದಕ್ಕ ಅಷ್ಟು ಸಿಟ್ಟಿಲ್ಲ ನನಗ, ಇದಕ್ಕೈತಿ.

ಆಮ್ಯಾಲೆ ಭಟ್ಟರು ರೂಢಿ ಪ್ರಕಾರ ನಮ್ಮ ಮನಿ ಹೆಸರು ಹೇಳಾಕ ಸುರು ಮಾಡಿದ್ರು. ಅಮರೇಶ್ವರ ಅಂದ್ರು, ಬಸಲಿಂಗಮ್ಮ ಅಂದ್ರು, ದಿವಾಕರ, ಮೃಗಶಿರಾ ನಕ್ಷತ್ರ ಅಂದ್ರು. ನೀ ಕೈ ಮುರಕೊಂಡ ಚಳಿಗಾಲದಾಗ ಸೇರಿಸಿದ್ದು. ಹೋದ ವರ್ಷ ಇಷ್ಟೆಲ್ಲಾ ಆಗೋವಾಗೂ ಪ್ರತಿ ಸೋಮವಾರ ಅವರು ಹೇಳ್ತಿದ್ರು, ನಾ ಬ್ಯಾಡ ಅಂದಿರಲಿಲ್ಲ. ಹೇಳ್ಲಿ ಬಿಡು, ಅವನ ಕೈ ಕಾಲರ ಛಲೋ ಇರಲಿ ಅಂತ ಸುಮ್ನ ಇದ್ದೆ. ನಿನ್ನೆ ಮಾತ್ರ ‘ಆ ಹೆಸರು ಬ್ಯಾಡ್ರಿ’ ಅಂದೆ.

ಭಟ್ಟರು ಗಂಟಿ ನಿಲ್ಲಿಸಿ ನನ್ನ ಮುಖ ನೋಡಿದ್ರು. ‘ಅಯ್ಯೋ ಅಮ್ಮಾ, ನಿಮ್ಮ ತಮ್ಮ ಹೋಗಿಬಿಟ್ಟರಾ? ಯಾವಾಗ?’ ಅಂದ್ರು.

‘ಹೋದ ಸಂಕ್ರಾಂತಿಗೆ ಹೋದ್ರಿ’ ಅಂದೆ. ‘ಇಲ್ಲೇ, ನನ್ನ ಪಕ್ಕದಾಗ ನಿಂತಿದ್ದ.’

ಪಾಪ, ಅವರು ಕೈಯಾಗ ಅಕ್ಷತಿ ಹಾಕಿ, ‘ಸಮಾಧಾನ ಮಾಡಿಕೊಳ್ಳಿ ತಾಯಿ’ ಅಂದ್ರು. ಮಾಡ್ಕೊಳ್ಳಾಕತ್ತೀನಿ.

ಬಸಲಿಂಗಮ್ಮ